ಐಸಮ್ಮನ ಕಡತ ಹಿಡಿದು ಕತಾರಿಗೆ

ವಿಮಾನ ನಿಲ್ದಾಣ

ದೋಹಾದಲ್ಲಿ ನನ್ನ ಪೆಟ್ಟಿಗೆ ತೆರೆದ ಅಧಿಕಾರಿಯ ಕೈಗೆ ಮೊದಲು ಸಿಕ್ಕಿದ್ದು ಹಲಸಿನ ಹಪ್ಪಳ. ಅಕ್ಕನಿಗೆಂದು ಅಮ್ಮ ಕಟ್ಟಿಕೊಟ್ಟದ್ದು. ಆತ ಒಂದನ್ನು ಎತ್ತಿ ದೀಪದ ಬೆಳಕಿಗೆ ಹಿಡಿದ, ಬಗ್ಗಿಸಿ ನೋಡಿದ, ಮೂಸಿದ. ಆಮೇಲೆ ಇಂಗ್ಲಿಷಿನಲ್ಲಿ ಬಹಳ ಗೌರವದಿಂದ ಕೇಳಿದ: "ಚರ್ಮವೇ?"

"ತಿನ್ನುವುದು," ಎಂದೆ. ನಂಬಲಿಲ್ಲ. ನಾನು ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಹುರಿಯದ ಹಪ್ಪಳ ಹಲ್ಲಿಗೆ ಅಂಟಿಕೊಂಡಿತು. ಮುಂದಿನ ಪ್ರಶ್ನೆಗಳಿಗೆಲ್ಲ ನಾನು ಹಪ್ಪಳವನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತಲೇ ಉತ್ತರ ಕೊಡಬೇಕಾಯಿತು.

ಹಪ್ಪಳದ ಅಡಿಯಲ್ಲಿ ದಾರ ಕಟ್ಟಿದ ಕಂದು ಕಡತವಿತ್ತು. ಅದನ್ನು ಬಿಚ್ಚಿದರೆ ತಲೆಗೆ ಸೆರಗು ಹೊದ್ದ ಹೆಂಗಸಿನ ಫೋಟೋ, ಒಂದು ನಿವೇಶನದ ನಕ್ಷೆ, ಸೀಲು ಬಿದ್ದ ಹತ್ತಿಪ್ಪತ್ತು ಹಾಳೆ.

"ವ್ಯಾಪಾರವೇ?"

"ಅಲ್ಲ. ಮನೆ."

"ನಿನ್ನ ಮನೆಯೇ?"

"ಅಲ್ಲ. ಐಸಮ್ಮನದು."

"ಐಸಮ್ಮ ಎಲ್ಲಿದ್ದಾಳೆ?"

"ಬಂಟ್ವಾಳದಲ್ಲಿ."

ಆತ ನನ್ನನ್ನೂ ಫೋಟೋವನ್ನೂ ನೋಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. "ಯಲ್ಲಾ," ಎಂದು ಪೆಟ್ಟಿಗೆ ಮುಚ್ಚಿ ಮುಂದೆ ತಳ್ಳಿದ. ಅದು ನಾನು ಕಲಿತ ಮೊದಲ ಅರಬ್ಬಿ ಪದ. ಹೊರಡು, ಬೇಗ, ಸರಿ, ಸಾಕು ಎಲ್ಲಕ್ಕೂ ಅದೊಂದೇ ಸಾಕಾಗುತ್ತದೆಂದು ಮೂರು ವಾರಗಳಲ್ಲಿ ತಿಳಿಯಿತು.

ತೊಂಬತ್ತೆಂಟರ ಫೆಬ್ರವರಿ ಅದು. ನನಗೆ ಮೂವತ್ತಾರು ವರ್ಷ, ವಿಮಾನ ಹತ್ತಿದ್ದು ಅದೇ ಮೊದಲು. ಈಗಿನ ದೋಹಾ ನೋಡಿ ಬಂದವರು ಗಾಜಿನ ಗೋಪುರಗಳ ಮಾತಾಡುತ್ತಾರೆ. ನನ್ನ ಕಣ್ಣಲ್ಲಿ ಉಳಿದಿರುವುದು ತಗ್ಗು ಮನೆಗಳ, ಅಗಲ ರಸ್ತೆಗಳ, ಸಮುದ್ರದ ಅಂಚಿನಲ್ಲಿ ಜನ ಸುಮ್ಮನೆ ಕೂತಿರುತ್ತಿದ್ದ ಊರು. ಆ ಊರು ಈಗ ಹುಡುಕಿದರೂ ಸಿಗಲಿಕ್ಕಿಲ್ಲ.

ಅಲ್ ಹಿಲಾಲ್

ಅಕ್ಕ ಜಯಂತಿ ಮತ್ತು ಭಾವ ಇದ್ದದ್ದು ಅಲ್ ಹಿಲಾಲಿನಲ್ಲಿ, ಎರಡು ಕೋಣೆಯ ಮನೆ. ಭಾವ ಕಟ್ಟಡದ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವರು. ಮಗಳು ಶಿಲ್ಪಾಳಿಗೆ ಒಂಬತ್ತು ವರ್ಷ. ಇಂಗ್ಲಿಷ್ ಶಾಲೆ. ನಾನು ಮಾತಾಡುವುದನ್ನು ಅರ್ಧ ದಿನ ಕೇಳಿಸಿಕೊಂಡು ಅಮ್ಮನ ಬಳಿ ಹೋಗಿ, "ಚಿಕ್ಕಮ್ಮ ಟಾಕ್ಸ್ ಲೈಕ್ ಅಜ್ಜಿ," ಎಂದು ವರದಿ ಒಪ್ಪಿಸಿದಳು.

ನನಗೆ ಅಲ್ಲಿ ಅತಿ ವಿಚಿತ್ರವೆನಿಸಿದ್ದು ಮೌನ. ನಮ್ಮಲ್ಲಿ ಬೆಳಗಾದರೆ ಮೀನಿನವನ ಹಾರ್ನು, ಪಕ್ಕದ ಮನೆಯ ರೇಡಿಯೊ, ಬಾವಿಯ ರಾಟೆ. ಇಲ್ಲಿ ಕಿಟಕಿ ಮುಚ್ಚಿದ್ದರೆ ಮುಚ್ಚಿದ್ದೇ. ಮೂರನೆಯ ದಿನ ತಡೆಯಲಾರದೆ ನಡೆದೇ ಅಂಗಡಿಗೆ ಹೊರಟೆ. ಎರಡು ಕಾರುಗಳು ನಿಂತು, ಏನಾದರೂ ಕಷ್ಟವೇ ಎಂದು ವಿಚಾರಿಸಿದವು. ಸೀರೆ ಉಟ್ಟ ಹೆಂಗಸು ನಡೆದು ಹೋಗುತ್ತಿದ್ದಾಳೆಂದರೆ ಕಾರು ಕೆಟ್ಟಿರಲೇಬೇಕೆಂದು ಅವರ ಲೆಕ್ಕ. ಎರಡನೆಯ ಕಾರಿನವರು ನನ್ನನ್ನು ಹತ್ತಿಸಿಕೊಂಡು ಮನೆ ಬಾಗಿಲಿಗೇ ತಂದುಬಿಟ್ಟರು. ತೆಂಗಿನೆಣ್ಣೆ ತರಲಾಗಲೇ ಇಲ್ಲ.

ಊಟಕ್ಕೆ ಕೂತಾಗ ಭಾವ ಕಡತದ ಬಗ್ಗೆ ಕೇಳಿದರು. "ಅಲ್ಲ ವಾರಿಜಾ, ರಜೆಯಲ್ಲಿ ಬಂದವಳು ಆಫೀಸಿನ ಕೆಲಸ ಯಾಕೆ ಹೊತ್ತುಕೊಂಡು ಬಂದಿ?"

ಅದನ್ನು ಸ್ವಲ್ಪ ಮೊದಲಿನಿಂದಲೇ ಹೇಳಬೇಕಾಗುತ್ತದೆ.

ನಾನು ಕೆಲಸ ಮಾಡುತ್ತಿದ್ದದ್ದು ಬಂಟ್ವಾಳ ಪೇಟೆಯ ಒಂದು ಟೈಲರಂಗಡಿಯ ಮಹಡಿಯಲ್ಲಿದ್ದ ಮನೆ ಸಲಹಾ ಕೇಂದ್ರದಲ್ಲಿ. ಇದ್ದದ್ದು ಇಬ್ಬರೇ, ನಾನು ಮತ್ತು ನಿವೃತ್ತ ಕಂದಾಯ ಗುಮಾಸ್ತರೊಬ್ಬರು. ಸ್ವಂತ ಸೂರಿಲ್ಲದವರು ಬಂದರೆ ಅರ್ಜಿ ಎಲ್ಲಿ ಹಾಕಬೇಕು, ಹಕ್ಕುಪತ್ರ ಸರಿಯಿದೆಯೇ, ಸಾಲ ತೆಗೆದರೆ ತೀರಿಸಲಾದೀತೇ ಎಂದು ಕೂತು ಹೇಳುವುದು ನಮ್ಮ ಕೆಲಸ. ಬಂದವರಿಂದ ಒಂದು ಪೈಸೆ ತೆಗೆದುಕೊಳ್ಳುವಂತಿರಲಿಲ್ಲ. ನಮ್ಮ ಸಂಬಳ ಸರ್ಕಾರದ್ದು. ಆದರೆ ಸರ್ಕಾರದಿಂದ ನೇರವಾಗಿ ಬರುತ್ತಿರಲಿಲ್ಲ. ಸರ್ಕಾರ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದಕ್ಕೆ ಹಣ ಕೊಡುತ್ತಿತ್ತು. ಅವರು ನಮ್ಮಂಥ ಸಣ್ಣ ಸಣ್ಣ ಕೇಂದ್ರಗಳಿಗೆ ಹಂಚಬೇಕು, ನಮಗೆ ತರಬೇತಿ ಕೊಡಬೇಕು, ನಾವು ಕೆಲಸ ಮಾಡಿದ್ದೇವೋ ಇಲ್ಲವೋ ನೋಡಬೇಕು. ಆ ಸಂಸ್ಥೆಯಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ನಳಿನಿ ಮೇಡಂ. ಅವರ ಹಸಿರು ಶಾಯಿ ಕಂಡರೆ ನಮ್ಮಿಬ್ಬರಿಗೂ ಜ್ವರ ಬರುತ್ತಿತ್ತು.

ಮೇಡಂ ಅವರ ಒಂದು ನಿಯಮವಿತ್ತು. ಗಂಡ ಹೆಂಡತಿ ಇಬ್ಬರ ಹೆಸರಿನ ಮನೆಯಾದರೆ, ಷರತ್ತುಗಳನ್ನು ಇಬ್ಬರಿಗೂ ಅವರವರ ಭಾಷೆಯಲ್ಲಿ ಓದಿ ಹೇಳಬೇಕು. ಓದಿ ಹೇಳಿದವರು ಅದನ್ನು ಕೈಯಾರೆ ಬರೆದು ಸಹಿ ಹಾಕಬೇಕು. ಐಸಮ್ಮನ ಗಂಡ ಇಬ್ರಾಹಿಂ ಕತಾರಿನಲ್ಲಿದ್ದ. ನಾಲ್ಕು ವರ್ಷದಿಂದ ಊರಿಗೆ ಬಂದಿರಲಿಲ್ಲ. ನಾವು ಉಪಾಯ ಮಾಡಿ ಕಾಗದಗಳನ್ನು ಅವನ ಕಂಪನಿಯ ಪೋಸ್ಟ್ ಬಾಕ್ಸಿಗೆ ಕಳಿಸಿದೆವು. ಒಂದು ತಿಂಗಳಲ್ಲಿ ಸಹಿಯಾಗಿ ಬಂತು. ಸಂತೋಷದಿಂದ ಬೆಂಗಳೂರಿಗೆ ಕಳಿಸಿದರೆ ಹಸಿರು ಶಾಯಿಯಲ್ಲಿ ವಾಪಸು: "ಓದಿ ಹೇಳಿದವರ ಬರಹ ಎಲ್ಲಿ? ಇದು ಇವರದೇ ಸಹಿಯೇ?"

ಐಸಮ್ಮನನ್ನು ಕರೆಸಿ ತೋರಿಸಿದೆ. ಬೀಡಿ ಎಲೆಯ ಮೊರ ಕೆಳಗಿಟ್ಟು ನೋಡಿದವಳೇ, "ಅಕ್ಕಾ, ನನ್ನ ಗಂಡನಿಗೆ ಇಂಗ್ಲಿಷ್ ಎಲ್ಲಿ ಬರ್ತದೆ? ಅವರು ಮದರಸದ ಅಕ್ಷರದಲ್ಲಿ ಹಾಕುವುದು," ಎಂದಳು.

ಹಾಗಾದರೆ ಸಹಿ ಹಾಕಿದವರು ಯಾರು? ಇಬ್ರಾಹಿಂ ಎಲ್ಲಿ? ಎರಡು ಹೆಣ್ಣುಮಕ್ಕಳೊಂದಿಗೆ ಅವಳು ಬಾಡಿಗೆಗಿದ್ದ ಕೋಣೆಯನ್ನು ಮಳೆಗಾಲದ ಮೊದಲು ಬಿಡಬೇಕಿತ್ತು. ಮಾರ್ಚಿಗೆ ನಮ್ಮ ವರ್ಷ ಮುಗಿಯುತ್ತಿತ್ತು. ಮುಗಿದ ಕಡತಗಳೆಷ್ಟು ಎಂಬುದರ ಮೇಲೆಯೇ ಮುಂದಿನ ವರ್ಷ ನಮಗೆ ಹಣ ಬರುವುದು. ಒಂದೇ ಒಂದು ಕಡತ ಕಡಿಮೆ ಬೀಳುತ್ತಿತ್ತು. ಅಷ್ಟರಲ್ಲಿ ಅಕ್ಕ ವೀಸಾ ಕಳಿಸಿದಳು. ಹೊರಡುವ ಮುನ್ನ ಐಸಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. "ಸಿಕ್ಕಿದರೆ ಹೇಳಿ ಅಕ್ಕಾ, ಮನೆ ಬೇಡವಾದರೆ ಬೇಡ ಅಂತ ಬಾಯಿ ಬಿಟ್ಟು ಹೇಳಲಿ. ಸುಮ್ಮನಿರುವುದು ಬೇಡ."

ಎಲ್ಲ ಕೇಳಿದ ಮೇಲೆ ಭಾವ ಬೆರಳು ನೆಕ್ಕುತ್ತಾ ಹೇಳಿದರು: "ಸರ್ಕಾರ ನಿಮಗೇ ಕೊಟ್ಟರೆ ಮುಗಿಯಿತಲ್ಲ. ನಡುವೆ ಈ ಮೇಡಂ ಯಾಕೆ?"

"ನಾನೂ ಅದನ್ನೇ ಕೇಳುತ್ತಾ ಇದ್ದೇನೆ, ಮೂರು ವರ್ಷದಿಂದ," ಎಂದೆ.

ಅಲ್ ಮನ್ಸೂರಾ

ಕತಾರಿನಲ್ಲಿ ಯಾರಿಗೂ ವಿಳಾಸವಿರಲಿಲ್ಲ. ಇದು ಸುಳ್ಳಲ್ಲ. ಅಂಚೆಯವನು ಮನೆಗೆ ಬರುವುದೇ ಇಲ್ಲ. ಎಲ್ಲರದೂ ಪೋಸ್ಟ್ ಬಾಕ್ಸು, ಅದೂ ಬಹುಪಾಲು ಕಂಪನಿಯದ್ದು. ಮನೆಗೆ ದಾರಿ ಹೇಳುವುದೆಂದರೆ, "ಮೂರನೇ ರೌಂಡಬೌಟಿನಲ್ಲಿ ಬಲಕ್ಕೆ, ನೀಲಿ ಗೇಟು, ಹೊರಗೆ ಬಿಳಿ ಕಾರು ಇರ್ತದೆ." ಬಿಳಿ ಕಾರು ಇಲ್ಲದ ಗೇಟನ್ನೇ ನಾನು ನೋಡಲಿಲ್ಲ.

ಭಾವ ಇಬ್ರಾಹಿಮನ ಕಂಪನಿಗೆ ಫೋನು ಮಾಡಿದರು. ಅಂಥವನಿಲ್ಲ, ಎರಡು ವರ್ಷದ ಹಿಂದೆಯೇ ಬಿಟ್ಟು ಹೋಗಿದ್ದಾನೆ ಎಂದರು. ಎಲ್ಲಿಗೆ? ಮಾಫಿ ಮಾಲೂಮ್, ಗೊತ್ತಿಲ್ಲ. ಅಲ್ಲಿಗೆ ಖಲಾಸ್.

"ಇನ್ನು ಒಂದೇ ದಾರಿ," ಎಂದು ಭಾವ ನನ್ನನ್ನು ಅಲ್ ಮನ್ಸೂರಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಾರಿನಿಂದ ಇಳಿದದ್ದೇ ನನಗೆ ಊರಿಗೆ ಬಂದಂತಾಯಿತು. ಕಿರಿದಾದ ಬೀದಿ, ಬಾಲ್ಕನಿಗಳಲ್ಲಿ ಒಣಗಿದ ಲುಂಗಿ, ಒಗ್ಗರಣೆಯ ವಾಸನೆ, ತುಳು, ಬ್ಯಾರಿ, ಮಲಯಾಳ ಎಲ್ಲ ಒಟ್ಟಿಗೆ. ಹಮೀದ್ ಕಾಕನ ಹೋಟೆಲಿನ ಮುಂದೆ ದೊಡ್ಡ ಕಾರುಗಳು ಬಂದು ನಿಲ್ಲುತ್ತಿದ್ದವು, ಹಾರ್ನು ಹೊಡೆಯುತ್ತಿದ್ದವು. ಒಳಗಿನಿಂದ ಚಹಾ ಓಡಿ ಹೋಗುತ್ತಿತ್ತು. ಕಾರಿನಲ್ಲೇ ಕೂತು ಕುಡಿದು, ಗಾಜಿನ ಲೋಟ ಕಿಟಕಿಯಿಂದ ವಾಪಸು. ಚಹಾಕ್ಕಾಗಿ ಇಳಿಯಬೇಕಾದ ಕಷ್ಟ ಯಾರಿಗೂ ಇರಲಿಲ್ಲ. ನಮ್ಮೂರ ಹೋಟೆಲಿನ ಮುಂದೆ ಹಾಗೆ ಹಾರ್ನು ಹೊಡೆದರೆ ಚಹಾ ಬರುವುದಿಲ್ಲ, ಬೇರೇನೋ ಬರುತ್ತದೆ.

ಹಮೀದ್ ಕಾಕ ಉಪ್ಪಿನಂಗಡಿ ಕಡೆಯವರು, ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ಐಸಮ್ಮನ ಫೋಟೋ ನೋಡಲಿಲ್ಲ, ತಿರುಗಿಸಿಟ್ಟರು. ಗಂಡನ ಹೆಸರು, ಊರು, ಜುಮ್ಮಾ ಮಸೀದಿ ಯಾವುದು ಅಷ್ಟೇ ಕೇಳಿದರು.

"ಆ ಸಹಿ ಕಂಪನಿಯ ಟಪಾಲು ನೋಡುವವ ಹಾಕಿರ್ತಾನೆ ಅಕ್ಕಾ. ಪಾಪ, ಉಪಕಾರ ಅಂತ. ಇಲ್ಲಿ ಆಳು ಸಿಗದಿದ್ದರೆ ಸಹಿಯನ್ನಾದರೂ ಕಳಿಸುವ ಅಂತ."

"ಅಯ್ಯೋ, ಅದು ಮನೆಯ ಕಾಗದ ಕಾಕ!"

"ಅವನಿಗೆ ಎಂಥ ಗೊತ್ತು, ಅದು ಮನೆಯದ್ದೋ ಮದುವೆಯದ್ದೋ." ಚಹಾ ನನ್ನ ಕಡೆ ಸರಿಸಿದರು. "ನೀವು ಶುಕ್ರವಾರದವರೆಗೆ ಕಾಯಿರಿ."

ಅವರು ಏನು ಮಾಡಿದರೆಂದು ಆಮೇಲೆ ತಿಳಿಯಿತು. ಹೋಟೆಲಿಗೆ ಮೀನು ತರುವವನಿಗೆ ಹೇಳಿದರು. ಅವನು ಉತ್ತರದ ಬಂದರಿನಲ್ಲಿ ಮೀನು ಎತ್ತುವವನು. ಅವನು ಅಲ್ಲಿಯ ಮಂಜುಗಡ್ಡೆ ಲಾರಿಯ ಕಾಸರಗೋಡಿನವನಿಗೆ ಹೇಳಿದ. ಗುರುವಾರ ಮಧ್ಯಾಹ್ನ ಅಕ್ಕನ ಮನೆಗೆ ಹಮೀದ್ ಕಾಕನ ಫೋನು ಬಂತು. ಅಲ್ ಶಮಾಲ್ ಹತ್ತಿರ ಒಂದು ಮಜ್ರಾದಲ್ಲಿ, ಅಂದರೆ ಅರಬ್ಬಿಯೊಬ್ಬರ ತೋಟದಲ್ಲಿ, ಬಂಟ್ವಾಳದ ಇಬ್ರಾಹಿಂ ಇದ್ದಾನೆ. ಖರ್ಜೂರದ ಮರಗಳಿಗೆ ನೀರು ಬಿಡುವ ಕೆಲಸ.

"ಅವನಿಗೆ ನಾನು ಬರುವುದು ಗೊತ್ತುಂಟಾ ಕಾಕ?" ಎಂದು ಕೇಳಿದೆ.

"ಗೊತ್ತುಂಟು." ಹಮೀದ್ ಕಾಕ ಹೇಳಿದರು: "ಬರಬೇಡಿ ಅಂತ ಹೇಳಿದ್ದಾನೆ. ಆದರೂ ಹೋಗಿ."

ಉತ್ತರದ ದಾರಿ

ಶುಕ್ರವಾರ ರಜೆ. ಅಕ್ಕ ಚಪಾತಿ ಕಟ್ಟಿಕೊಂಡಳು, ಶಿಲ್ಪಾ ತನ್ನ ಚಿತ್ರ ಬಿಡಿಸುವ ಪುಸ್ತಕ ಹಿಡಿದಳು, ಭಾವನ ಕಾರು ಉತ್ತರಕ್ಕೆ ಹೊರಟಿತು. ನೇರ ರಸ್ತೆ. ಎರಡೂ ಕಡೆ ಬಣ್ಣವಿಲ್ಲದ ನೆಲ. ನಾನು ಮರಳಿನ ದಿಬ್ಬಗಳನ್ನು ಕಾಯುತ್ತಾ ಕೂತಿದ್ದೆ. ಕಂಡದ್ದು ಜಲ್ಲಿಕಲ್ಲು. ಆದರೆ ಆ ವಾರ ನಾಲ್ಕು ಹನಿ ಮಳೆ ಬಿದ್ದಿತ್ತು, ತಗ್ಗುಗಳಲ್ಲಿ ಕಂಡೂ ಕಾಣದಷ್ಟು ಹಸಿರು ಮೂಡಿತ್ತು. ಅದನ್ನು ನೋಡಲೆಂದೇ ಜನ ಸಂಸಾರ ಸಮೇತ ಬಂದು, ಕಂಬಳಿ ಹಾಸಿ, ಕೆಟಲು ಇಟ್ಟುಕೊಂಡು ಕೂತಿದ್ದರು. ನಮ್ಮ ಅಂಗಳದಲ್ಲಿ ಕಿತ್ತು ಬಿಸಾಡುವ ಹುಲ್ಲನ್ನು ಅವರು ಅತಿಥಿಯಂತೆ ನೋಡುತ್ತಿದ್ದರು. ನಾನೂ ಕಾರು ನಿಲ್ಲಿಸಿ ಇಳಿದು ನೋಡಿದೆ. ಬಂದು ಹತ್ತು ದಿನವಾಗಿತ್ತಷ್ಟೆ, ಹುಲ್ಲು ನೋಡಿ ಕಣ್ಣು ತುಂಬಿತು. ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟಳು. ಅವಳು ಹನ್ನೊಂದು ವರ್ಷದಿಂದ ಅಲ್ಲಿದ್ದಳು.

ಮಜ್ರಾದ ಗೇಟಿನಲ್ಲಿ ತೆಳ್ಳಗಿನ ಮನುಷ್ಯನೊಬ್ಬ ನಿಂತಿದ್ದ. ತಲೆಗೆ ಕೆಂಪು ಚೌಕುಳಿಯ ಬಟ್ಟೆ ಸುತ್ತಿತ್ತು, ಗಡ್ಡ ನರೆತಿತ್ತು. ಐಸಮ್ಮ ಕೊಟ್ಟ ಅವನ ಫೋಟೋಕ್ಕಿಂತ ಹತ್ತು ವರ್ಷ ದೊಡ್ಡವನಂತೆ ಕಾಣುತ್ತಿದ್ದ. ನಾನು ತುಳುವಿನಲ್ಲಿ, "ಇಬ್ರಾಹಿಂ ಬ್ಯಾರಿಗಳಲ್ಲವಾ?" ಎಂದೆ.

"ಬರಬೇಡಿ ಅಂತ ಹೇಳಿ ಕಳಿಸಿದ್ದೆ." ಅವನು ನೆಲ ನೋಡುತ್ತಿದ್ದ. "ಮಕ್ಕಳಿಗೆ ಏನಾದರೂ ಆಗಿದೆಯಾ?"

"ಇಲ್ಲ. ಚೆನ್ನಾಗಿದ್ದಾರೆ. ದೊಡ್ಡವಳು ಏಳನೆಯದರಲ್ಲಿ."

ಅವನು ಗೇಟು ಪೂರ್ತಿ ತೆರೆದ.

ಮಜ್ರಾ

ಆದರೆ ಮಾತು ಕೂಡಲೇ ಆಡಲಾಗಲಿಲ್ಲ. ಮನೆಯೊಳಗಿಂದ ಯಜಮಾನನ ತಾಯಿಯ ಆಜ್ಞೆ ಬಂತು. ಹೆಂಗಸರು ಬಂದಿದ್ದಾರೆ, ಮೊದಲು ಒಳಗೆ ಬರಲಿ.

ಅಲ್ಲಿ ಕೆಲಸದವರೆಲ್ಲ ಆಕೆಯನ್ನು ಮಾಮಾ ಎನ್ನುತ್ತಿದ್ದರು. ಕಪ್ಪು ಬಟ್ಟೆ, ಮೂಗು ಹುಬ್ಬು ಮುಚ್ಚುವ, ತಾಮ್ರದ ತಗಡಿನಂತೆ ಹೊಳೆಯುವ ಮುಖವಾಡ, ಅದರ ಹಿಂದೆ ಎರಡು ಚುರುಕು ಕಣ್ಣು. ಮೊದಲು ನನಗೆ ಹೆದರಿಕೆಯಾಯಿತು. ಆಕೆ ಶಿಲ್ಪಾಳ ಜಡೆ ಹಿಡಿದು ಎಷ್ಟು ಉದ್ದವಿದೆಯೆಂದು ಗೇಣಿನಲ್ಲಿ ಅಳೆದು ನಕ್ಕಾಗ ಹೆದರಿಕೆ ಹೋಯಿತು. ಕೆಲಸದ ಹೆಂಗಸು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ತಿಳಿ ಹಳದಿ ಕಾಫಿ ಕೊಟ್ಟಳು. ಏಲಕ್ಕಿಯ ಕಷಾಯದಂತಿತ್ತು, ಸಕ್ಕರೆಯಿಲ್ಲ. ಮರ್ಯಾದೆಗೆ ಕುಡಿದು ಬಟ್ಟಲು ಕೊಟ್ಟೆ. ತುಂಬಿಸಿದಳು. ಕುಡಿದೆ. ತುಂಬಿಸಿದಳು. ಉಳಿಸಬಾರದೆಂದು ಮತ್ತೆ ಕುಡಿದೆ. ಆರನೆಯದಕ್ಕೆ ಅಕ್ಕನ ಕಡೆ ನೋಡಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ.

"ಬಟ್ಟಲು ಅಲ್ಲಾಡಿಸು ಮಾರಾಯ್ತಿ. ಅಲ್ಲಾಡಿಸುವ ತನಕ ಹಾಕುತ್ತಲೇ ಇರ್ತಾರೆ."

"ಮೊದಲೇ ಹೇಳಬಾರದಿತ್ತಾ!"

"ನಾನು ಬಂದ ವರ್ಷ ಒಂಬತ್ತು ಕುಡಿದಿದ್ದೆ. ನೀನು ಎಷ್ಟರವರೆಗೆ ಹೋಗ್ತಿ ನೋಡುವ ಅಂತ."

ಮಾಮಾಗೆ ವಿಷಯ ತಿಳಿದು ಆಕೆಯೂ ನಕ್ಕಳು. ಆಮೇಲೆ ನಾನೇಕೆ ಬಂದೆನೆಂದು ಕೇಳಿದಳು. ಇಬ್ರಾಹಿಂ ಬಾಗಿಲ ಹೊರಗೆ ನಿಂತು ಅರಬ್ಬಿಗೂ ತುಳುವಿಗೂ ನಡುವೆ ಮಾತು ದಾಟಿಸುತ್ತಿದ್ದ. ಅವನ ಮನೆಯ ಸಂಗತಿಯನ್ನು ಅವನ ಬಾಯಿಂದಲೇ ಹೇಳಿಸಬೇಕಾಯಿತು. ಹೇಳುವಾಗ ಅವನ ಧ್ವನಿ ಸಣ್ಣದಾಯಿತು.

ಮಾಮಾ ಕೇಳಿಸಿಕೊಂಡು ತನ್ನ ಕತೆ ಶುರು ಮಾಡಿದಳು. ತಾನು ಹುಟ್ಟಿದ ಮನೆ ಇಲ್ಲಿಂದ ಸ್ವಲ್ಪ ದೂರ, ಸಮುದ್ರಕ್ಕೆ ಅಂಟಿದ ಹಳ್ಳಿಯಲ್ಲಿತ್ತು. ಸಮುದ್ರದ ಕಲ್ಲಿನ ಗೋಡೆ. ಉಬ್ಬರದಲ್ಲಿ ನೀರು ಹೊಸ್ತಿಲ ಹತ್ತಿರ ಬರುತ್ತಿತ್ತು. ಸರ್ಕಾರ ಊರಿನಲ್ಲಿ ಸಿಮೆಂಟಿನ ಮನೆ ಕೊಟ್ಟಿತು, ವಿದ್ಯುತ್ತು ಕೊಟ್ಟಿತು. ಎಲ್ಲರೂ ಎದ್ದು ಬಂದರು. ಹಳ್ಳಿಯಲ್ಲಿ ಈಗ ಗೋಡೆಗಳು ಮಾತ್ರ ನಿಂತಿವೆ. ಹೊಸ ಮನೆ ಒಳ್ಳೆಯದೇ. ಆದರೆ ಕಾಗದದಲ್ಲಿ ಮೊದಲು ಗಂಡನ ಹೆಸರಿತ್ತು, ಈಗ ಮಗನ ಹೆಸರಿದೆ.

"ಮೂವತ್ತು ವರ್ಷ ಗುಡಿಸಿದವಳು ನಾನು," ಎಂದಳು ಮಾಮಾ. "ಕಾಗದಕ್ಕೆ ನನ್ನ ಪರಿಚಯವೇ ಇಲ್ಲ."

ಇದನ್ನು ತುಳುವಿಗೆ ತಿರುಗಿಸುವಾಗ ಇಬ್ರಾಹಿಂ ಸ್ವಲ್ಪ ತಡೆದ. ನಾನು ಗಮನಿಸಿದೆ.

ಹೊರಗೆ ನೀರಿನ ತೊಟ್ಟಿಯ ಪಕ್ಕ ಚಾಪೆ ಹಾಕಿ ಅವನ ಎದುರು ಕೂತೆ. ಭಾವ ಸ್ವಲ್ಪ ದೂರದಲ್ಲಿ. ಐಸಮ್ಮ ಹೇಳಿ ಕಳಿಸಿದ ಮಾತನ್ನು ಹಾಗೆಯೇ ಹೇಳಿದೆ. ಆಮೇಲೆ ಅವನೇ ಶುರು ಮಾಡಿದ.

ಹೋದ ಸಲ ಊರಿಗೆ ಬಂದಾಗ ಒಬ್ಬ ಒಳ್ಳೆಯ ನಿವೇಶನವಿದೆಯೆಂದು ಹೇಳಿದನಂತೆ. ಫೀಸು ಬೇಡ, ಊರವರಿಗೆ ಸಹಾಯ ಅಷ್ಟೇ ಅಂದನಂತೆ. ಇಬ್ರಾಹಿಂ ಓದಲು ಬಾರದ ಕಾಗದಕ್ಕೆ ಸಹಿ ಹಾಕಿದ. ಮಳೆ ಬಂದಾಗ ನಿವೇಶನ ನೇತ್ರಾವತಿಯ ಅಡಿಯಲ್ಲಿತ್ತು. ಸರ್ಕಾರದ ಪೊರಂಬೋಕು ಜಾಗ, ಮಾರುವ ಹಕ್ಕೇ ಯಾರಿಗೂ ಇಲ್ಲ. ಆ ಸಹಾಯ ಮಾಡಿದವನಿಗೆ ಮಾರಿದವನಿಂದ ಪಾಲು ಸಿಕ್ಕಿತ್ತು. ಆರು ವರ್ಷದ ದುಡಿಮೆ ಹೋಯಿತು. ಅದನ್ನು ಹೆಂಡತಿಗೆ ಹೇಳಲಿಲ್ಲ, ಜಾಗದ ಕಾಗದ ತಡವಾಗುತ್ತಿದೆ ಎಂದಷ್ಟೇ ಹೇಳಿ ವಿಮಾನ ಹತ್ತಿದ. ಊರಿಗೆ ಹೋದರೆ ಹೇಳಬೇಕಾಗುತ್ತದೆ. ಅದಕ್ಕೇ ನಾಲ್ಕು ವರ್ಷ.

"ಅಕ್ಕಾ, ಒಂದು ಕೇಳ್ತೇನೆ. ನೀವೂ ಫೀಸು ಇಲ್ಲ ಅಂತೀರಿ. ಹಾಗಾದರೆ ನಿಮಗೆ ಕೊಡುವವರು ಯಾರು?"

ಮೂರು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾನು ಸರ್ಕಾರ, ಬೆಂಗಳೂರು, ನಮ್ಮ ಟೈಲರಂಗಡಿಯ ಮಹಡಿ ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡು ಪಕ್ಕದ ತೊಟ್ಟಿಯ ಕಡೆ ನೋಡಿದ.

"ಪಂಪಿನ ನೀರು ನೇರ ಮರದ ಬುಡಕ್ಕೆ ಬಿಟ್ಟರೆ ಮಣ್ಣು ಕೊಚ್ಚಿಹೋಗ್ತದೆ. ಅದಕ್ಕೆ ಮೊದಲು ತೊಟ್ಟಿಗೆ, ಆಮೇಲೆ ಕಾಲುವೆಗೆ. ಹಾಗೆಯಾ?"

"ಹೆಚ್ಚುಕಮ್ಮಿ ಹಾಗೆಯೇ."

"ತೊಟ್ಟಿ ಸೋರುವುದಿಲ್ಲವಾ?"

ಭಾವ ಅಲ್ಲಿಂದಲೇ ಜೋರಾಗಿ ನಕ್ಕರು. ನನಗೂ ನಗು ಬಂತು. "ಸೋರುವುದಕ್ಕಿಂತ ತಡ ಆಗುವುದು ಹೆಚ್ಚು," ಎಂದೆ. "ಆದರೆ ನಿಮ್ಮ ಹೆಸರಿನಲ್ಲಿ ಯಾರೋ ಹಾಕಿದ ಸುಳ್ಳು ಸಹಿಯನ್ನು ಹಿಡಿದದ್ದು ಆ ತೊಟ್ಟಿಯವರೇ. ನಾನು ಹಿಡಿಯಲಿಲ್ಲ. ನಾನು ಸಂತೋಷದಿಂದ ಕಳಿಸಿಬಿಟ್ಟಿದ್ದೆ."

ಹೇಳುವಾಗಲೇ ನನಗೆ ಅದು ನಿಜವೆಂದು ಹೊಳೆದದ್ದು. ನಳಿನಿ ಮೇಡಂ ಹಸಿರು ಶಾಯಿ ಎತ್ತದಿದ್ದರೆ ಈ ಮನುಷ್ಯ ಎರಡನೆಯ ಸಲವೂ ಗೊತ್ತಿಲ್ಲದ ಕಾಗದದಲ್ಲಿ ಸಿಕ್ಕಿಬೀಳುತ್ತಿದ್ದ. ಈ ಸಲ ಸಿಕ್ಕಿಸಿದವಳು ನಾನಾಗುತ್ತಿದ್ದೆ.

"ಈ ಕಾಗದ ಮುಗಿದರೆ ನಿಮಗೇನಾದರೂ ಲಾಭ ಉಂಟಾ?"

ಸುಲಭವಾಗಿ ಇಲ್ಲ ಎನ್ನಬಹುದಿತ್ತು. ಭಾವ ನನ್ನನ್ನೇ ನೋಡುತ್ತಿದ್ದರು.

"ಉಂಟು. ಮಾರ್ಚಿನೊಳಗೆ ಮುಗಿದರೆ ನಮ್ಮ ಕೇಂದ್ರಕ್ಕೆ ಮುಂದಿನ ವರ್ಷದ ಹಣ ಬರ್ತದೆ. ಇಲ್ಲದಿದ್ದರೆ ಬರಲಿಕ್ಕಿಲ್ಲ."

ಅವನು ಮೊದಲ ಸಲ ನನ್ನ ಮುಖ ನೋಡಿದ. "ಆ ಲಾಭ ಇಲ್ಲ ಅಂತ ಇಟ್ಟುಕೊಳ್ಳಿ. ನಿಮ್ಮ ಅಣ್ಣ ಬಂದು ಕೇಳಿದರೆ ಎಂಥ ಹೇಳ್ತೀರಿ?"

ಷರತ್ತುಗಳನ್ನು ಒಂದೊಂದಾಗಿ ತುಳುವಿನಲ್ಲಿ ಓದಿ ಹೇಳಿದೆ. ತೊಡಕಾದಲ್ಲಿ ನನಗೆ ಬಂದಷ್ಟು ಬ್ಯಾರಿ ಭಾಷೆ ಸೇರಿಸಿದೆ. ಅವನು ನಡುನಡುವೆ ನಿಲ್ಲಿಸುತ್ತಿದ್ದ, ಮತ್ತೊಮ್ಮೆ ಹೇಳಿ ಅನ್ನುತ್ತಿದ್ದ. ಮುಗಿದ ಮೇಲೆ ನನಗನಿಸಿದ್ದನ್ನು ಹೇಳಿದೆ. ಜಂಟಿ ಹೆಸರಾದರೆ ಸಾಲದ ಪ್ರತಿ ಕಂತಿಗೂ, ನಲ್ಲಿಗೂ, ಕರೆಂಟಿಗೂ ನಿಮ್ಮ ಸಹಿ ಬೇಕು. ನೀವು ಪೋಸ್ಟ್ ಬಾಕ್ಸಿನ ಆಚೆ ಇರುವವರು. ಐಸಮ್ಮನೊಬ್ಬಳ ಹೆಸರಿನಲ್ಲಿ ಆದರೆ ಅವಳೇ ನಡೆಸಿಕೊಂಡು ಹೋಗಬಹುದು. ಆದರೆ ಅದಕ್ಕೆ ಹೊಸ ಅರ್ಜಿ ಹಾಕಬೇಕು. ನಿಮ್ಮ ಹಕ್ಕು ಬಿಟ್ಟದ್ದಕ್ಕೆ ನಮ್ಮ ರಾಯಭಾರ ಕಚೇರಿಯಲ್ಲಿ ಪ್ರಮಾಣ ಮಾಡಿಕೊಡಬೇಕು. ಒಂದು ವರ್ಷವಾದರೂ ತಡವಾದೀತು. "ಮಾರ್ಚಿಗೆ ಖಂಡಿತ ಮುಗಿಯುವುದಿಲ್ಲ," ಎಂದೂ ಸೇರಿಸಿದೆ.

ತೊಟ್ಟಿಯಲ್ಲಿ ನೀರು ತುಂಬಿತ್ತು. ಅವನು ಎದ್ದು ಹೋಗಿ ಕಾಲುವೆಯ ಮಣ್ಣು ಸರಿಸಿ, ನೀರು ಮುಂದಿನ ಸಾಲಿಗೆ ತಿರುಗಿಸಿ ಬಂದ. ಕೆಲಸದ ಹೊತ್ತು ತಪ್ಪಿಸುವವನಲ್ಲ.

"ಅವಳ ಹೆಸರಲ್ಲೇ ಆಗಲಿ. ಮಳೆಗಾಲಕ್ಕೆ ಬಾಡಿಗೆಗೆ ಬೇರೆ ಕೋಣೆ ನೋಡಲಿಕ್ಕೆ ಹೇಳಿ. ನಾನು ಕಳಿಸ್ತೇನೆ." ಕೈಯ ಮಣ್ಣು ಒರೆಸಿಕೊಳ್ಳುತ್ತಾ ಹೇಳಿದ: "ಆ ನದಿಯ ಜಾಗದ ವಿಷಯ ನೀವೇ ಅವಳಿಗೆ ಹೇಳಿಬಿಡಿ ಅಕ್ಕಾ."

"ಅದು ನನ್ನ ಕೆಲಸ ಅಲ್ಲ," ಎಂದೆ. "ಅದನ್ನು ನೀವೇ ಹೇಳಬೇಕು."

ರಾಯಭಾರ ಕಚೇರಿ

ಯಜಮಾನ ರಜೆ ಕೊಡುತ್ತಾನೋ ಇಲ್ಲವೋ ಎಂಬ ಚಿಂತೆಯನ್ನು ಮಾಮಾ ಒಂದೇ ಕೂಗಿನಲ್ಲಿ ಬಗೆಹರಿಸಿದಳು. ಭಾನುವಾರ ಬೆಳಿಗ್ಗೆ ಆಕೆಯ ಮಗ ಸ್ವತಃ ಕಾರಿನಲ್ಲಿ ಇಬ್ರಾಹಿಮನನ್ನು ದೋಹಾಕ್ಕೆ ತಂದು ಇಳಿಸಿದ. ಭಾನುವಾರ ಕಚೇರಿ ತೆರೆದಿರುವುದು, ಶಿಲ್ಪಾ ಶಾಲೆಗೆ ಹೋಗುವುದು, ಯಾವುದೂ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ವಾರವೇ ಪಕ್ಕಕ್ಕೆ ಸರಿದು ಕೂತಂತಿತ್ತು.

ಇಬ್ರಾಹಿಂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗಡ್ಡ ಕತ್ತರಿಸಿಕೊಂಡಿದ್ದ. ಕಚೇರಿಯ ಗುಮಾಸ್ತರು ಹೇಳಿಕೆಯನ್ನು ಓದಿ, "ಸ್ವಂತ ಇಚ್ಛೆಯಿಂದಲೇ ತಾನೆ?" ಎಂದು ಹಿಂದಿಯಲ್ಲಿ ಕೇಳಿದರು. ಅವನು ಹೌದೆಂದು ತಲೆಯಾಡಿಸಿ, ಬಲದಿಂದ ಎಡಕ್ಕೆ ನಿಧಾನವಾಗಿ, ಮದರಸದಲ್ಲಿ ಕಲಿತ ಅಕ್ಷರಗಳಲ್ಲಿ ತನ್ನ ಹೆಸರು ಬರೆದ. ಚಂದದ ಬರಹ. ಗುಮಾಸ್ತರೂ ಒಂದು ಕ್ಷಣ ನೋಡಿದರು.

ಮಧ್ಯಾಹ್ನ ಹಮೀದ್ ಕಾಕನ ಹೋಟೆಲಿನಲ್ಲಿ ಊಟ. ಮೀನು ತರುವವನೂ ಬಂದಿದ್ದ, ಮಂಜುಗಡ್ಡೆ ಲಾರಿಯವನೂ ಬಂದಿದ್ದ. ತಾವು ಹುಡುಕಿಕೊಟ್ಟ ಮನುಷ್ಯನನ್ನು ಕಣ್ಣಾರೆ ನೋಡಬೇಕೆಂದು ಬಂದವರು. ಊಟವಾದ ಮೇಲೆ ಇಬ್ರಾಹಿಂ ಎದ್ದು ಪಕ್ಕದ ಅಂಗಡಿಗೆ ಹೋಗಿ ಖಾಲಿ ಕ್ಯಾಸೆಟ್ಟು ತಂದ. ಹಮೀದ್ ಕಾಕನ ಟೇಪ್‌ರೆಕಾರ್ಡರು ಹೊತ್ತು ಹಿಂದಿನ ಅಕ್ಕಿ ಮೂಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮುಕ್ಕಾಲು ಗಂಟೆ ಬರಲಿಲ್ಲ. ಒಳಗೆ ಅಕ್ಕಿ ಬೇಕಾಗಿತ್ತು, ಗಿರಾಕಿಗಳು ಕಾಯುತ್ತಿದ್ದರು. ಹಮೀದ್ ಕಾಕ ಯಾರನ್ನೂ ಬಾಗಿಲು ತಟ್ಟಲು ಬಿಡಲಿಲ್ಲ.

ಹೊರಬಂದು ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟ. ಕಣ್ಣು ಕೆಂಪಾಗಿತ್ತು. "ನದಿಯ ವಿಷಯ ಇದರಲ್ಲುಂಟು," ಎಂದಷ್ಟೇ ಹೇಳಿದ.

ಬೆಂಗಳೂರು, ಬಂಟ್ವಾಳ

ಮಾರ್ಚಿನಲ್ಲಿ ನಮ್ಮ ಕಡತ ಒಂದು ಕಡಿಮೆಯೇ ಬಿತ್ತು. ನಾನು ಬೆಂಗಳೂರಿಗೆ ಹೋಗಿ ನಳಿನಿ ಮೇಡಂ ಎದುರು ಕೂತು ಎಲ್ಲ ಹೇಳಿದೆ. ಹಸಿರು ಶಾಯಿಯಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಬಹಳ ಸಣ್ಣ ಹೆಂಗಸು, ಮೇಜಿನ ಮೇಲೆ ಅರ್ಧ ತಿಂದ ಮೊಸರನ್ನದ ಡಬ್ಬಿ.

"ನೀವು ಸರಿಯಾಗಿ ಮಾಡಿದ್ದೀರಿ," ಎಂದರು. "ಆದರೆ ನಿಯಮ ನನ್ನದಲ್ಲ ವಾರಿಜಾ, ಸರ್ಕಾರದ್ದು. ಮುಗಿದದ್ದನ್ನು ಮಾತ್ರ ಎಣಿಸ್ತಾರೆ. ನಾನು ಬರೆದು ನೋಡ್ತೇನೆ."

ಬರೆದರು. ಒಂದಲ್ಲ, ನಾಲ್ಕು ಸಲ ಬರೆದರು. ಅಕ್ಟೋಬರಿನವರೆಗೆ ನಮಗೆ ಸಂಬಳವಿರಲಿಲ್ಲ. ಗುಮಾಸ್ತರು ಪಿಂಚಣಿಯಲ್ಲಿ ಬಾಡಿಗೆ ಕೊಟ್ಟರು, ನಾನು ಕೆಳಗಿನ ಟೈಲರಿಗೆ ಗುಂಡಿ ಹೊಲಿದುಕೊಟ್ಟೆ. ಆಮೇಲೆ ಹಣ ಬಂತು. ಅದರೊಂದಿಗೆ ಹೊಸ ಸುತ್ತೋಲೆಯೂ ಬಂತು: ಸರಿಯಾದ ಸಲಹೆಯಿಂದ ಅರ್ಜಿ ಬದಲಾದರೆ ಅದನ್ನೂ ಕೆಲಸವೆಂದೇ ಎಣಿಸತಕ್ಕದ್ದು. ಕೆಳಗೆ ಯಾರ ಹೆಸರೂ ಇರಲಿಲ್ಲ.

ಐಸಮ್ಮನಿಗೆ ಕ್ಯಾಸೆಟ್ಟು ಕೊಟ್ಟ ದಿನ ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ವಾರ ಬಿಟ್ಟು ಬಂದು, "ಇಷ್ಟೇಯಾ? ಇದಕ್ಕೆ ನಾಲ್ಕು ವರ್ಷ ಬೇಕಿತ್ತಾ ಇವರಿಗೆ?" ಎಂದು ನಮ್ಮ ಮಹಡಿಯ ಮೆಟ್ಟಿಲಲ್ಲಿ ಕೂತು ಅತ್ತಳು.

ಮನೆ ಏಳಲು ಎರಡು ಮಳೆಗಾಲ ಹಿಡಿಯಿತು. ಪ್ರತಿ ಹಂತಕ್ಕೂ ಅವಳೇ ಓಡಾಡಿದಳು. ವಾಸಕ್ಕೆ ಬಂದ ಮೇಲೆ ಒಮ್ಮೆ ಹೋಗಿ ನೋಡಿ ಬರೆದು ಕಳಿಸಬೇಕೆಂಬುದು ಮೇಡಂ ಅವರ ಇನ್ನೊಂದು ನಿಯಮ. ನಾನು ಹೋದ ದಿನವೇ ಇಬ್ರಾಹಿಂ ಊರಿಗೆ ಬಂದಿದ್ದ. ಮಂಗಳೂರಿನಿಂದ ಬಂದ ಟ್ಯಾಕ್ಸಿ ರಸ್ತೆಯಲ್ಲಿ ನಿಂತಿತ್ತು. ಅವನು ಮಾತ್ರ ಹೊಸ ಮನೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ. ನೆಂಟರ ಮನೆಗೆ ಬಂದವರಂತೆ ಸಣ್ಣಗೆ ಕೆಮ್ಮಿದ.

ಒಳಗಿನಿಂದ ಐಸಮ್ಮನ ಧ್ವನಿ ಬಂತು. "ಯಾರದು?"

"ನಾನು." ಅವನು ಅಲ್ಲೇ ನಿಂತಿದ್ದ. "ಬರಬಹುದಾ?"

ಬಾಗಿಲು ತೆರೆಯಿತು. ಅವಳು ಹೊಸ್ತಿಲಲ್ಲಿ ನಿಂತು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆರು ವರ್ಷವಾಗಿತ್ತು.

"ಕಾಲು ತೊಳೆದುಕೊಂಡು ಬನ್ನಿ," ಎಂದಳು. "ನೆಲಕ್ಕೆ ನಿನ್ನೆಯಷ್ಟೇ ಕೆಂಪು ಬಳಿದದ್ದು."

ನಾನು ನೋಡಿ ಬರೆಯಬೇಕಾದ್ದನ್ನು ಇನ್ನೊಂದು ದಿನ ಬರೆದರಾಯಿತೆಂದು ಗೇಟಿನಿಂದಲೇ ಹಿಂದಿರುಗಿದೆ.